ಎರಡು ಗಂಟೆಯ ನಂತರ ಬಾರದ ಪ್ರಿಂಟು

ಆ ಬೇಸಿಗೆಯಲ್ಲಿ ನಾನು ಒಂದೇ ಕಂಪ್ಯೂಟರನ್ನು ಮೂರು ಸಲ ಫಾರ್ಮ್ಯಾಟ್ ಮಾಡಿದೆ. ಮೂರು ಸಲವೂ ಅದಕ್ಕೆ ಏನೂ ಆಗಿರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಬೇರೆಯವರನ್ನು ಸಾಕಷ್ಟು ಬೈಯುವವನಿದ್ದೇನೆ.

ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ. ರೇಡಿಯೋ, ಟಿವಿ ರಿಪೇರಿ ಮಾಡಿಕೊಂಡಿದ್ದವನು ಬೆಳಗಾವಿಗೆ ಆರು ತಿಂಗಳು ಓಡಾಡಿ ಕಂಪ್ಯೂಟರ್ ಕಲಿತು ಬಂದು ಬೋರ್ಡಿನ ಮೇಲೆ ಇನ್ನೊಂದು ಸಾಲು ಬರೆಸಿದ್ದೆ. ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿರಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲ ಕಡೆ ಕಂಪ್ಯೂಟರು ಬಂದಿತ್ತು, ಅದರ ಭಯ ಮಾತ್ರ ಹೋಗಿರಲಿಲ್ಲ. ಅದಕ್ಕೊಂದು ಗಾಜಿನ ಕೋಣೆ, ಕಸೂತಿ ಹಾಕಿದ ಹೊದಿಕೆ, ಮಾನಿಟರಿನ ಹಣೆಗೆ ಕುಂಕುಮ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಈ ಭಯದ ಮೇಲೆಯೇ ರಿಪೇರಿ ಮಾಡುವ ನಮ್ಮಂಥವರ ಹೊಟ್ಟೆ ತುಂಬುತ್ತಿತ್ತು. ರೋಗ ಯಾವುದೇ ಇರಲಿ, ಮದ್ದು ಒಂದೇ: ಫಾರ್ಮ್ಯಾಟ್. ಒಳಗಿದ್ದದ್ದನ್ನೆಲ್ಲ ಒರೆಸಿ ವಿಂಡೋಸನ್ನು ಮತ್ತೆ ಹೊಸದಾಗಿ ಹಾಕುವುದು. ಮೌಸ್ ಓಡದಿದ್ದರೂ ಫಾರ್ಮ್ಯಾಟ್, ಮಾನಿಟರ್ ಮಿಣುಕಿದರೂ ಫಾರ್ಮ್ಯಾಟ್. ಹಲ್ಲು ನೋವೆಂದು ಬಂದವನ ತಲೆ ಬೋಳಿಸಿ ಕಳಿಸಿದ ಹಾಗೆ. ಗಿರಾಕಿಗೂ ಸಮಾಧಾನ, ಪರದೆಯ ಮೇಲೆ ನೀಲಿ ಪಟ್ಟಿ ಓಡುವುದನ್ನು ಮುಕ್ಕಾಲು ಗಂಟೆ ನೋಡುತ್ತ ಏನೋ ದೊಡ್ಡ ಕೆಲಸ ನಡೆದಿದೆ ಎಂದುಕೊಳ್ಳುತ್ತಿದ್ದ.

ಈ ಕತೆಯ ಕಂಪ್ಯೂಟರು ಮೂಡಲಗಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನದು. ಪ್ರೆಸ್ಸಿನ ಮಾಲಕರು ಊರೊಳಗಿನ ಹಳೆಯ ಇಕ್ಕಟ್ಟಾದ ಜಾಗ ಬಿಟ್ಟು, ನಾಗನೂರ ಕಡೆಗೆ ಹೋಗುವ ರಸ್ತೆಯಲ್ಲಿ ತಮ್ಮ ಹೊಲದ ಬದುವಿಗೇ ಉದ್ದನೆಯ ಶೆಡ್ಡು ಹಾಕಿಸಿಕೊಂಡಿದ್ದರು. ಒಂದು ತುದಿಗೆ ಆಫ್‌ಸೆಟ್ ಮಶಿನ್ನು, ಇನ್ನೊಂದು ತುದಿಗೆ ಗಾಜಿನ ಕೋಣೆಯಲ್ಲಿ ಕಂಪ್ಯೂಟರು ಮತ್ತು ಲೇಸರ್ ಪ್ರಿಂಟರು. ಯುಗಾದಿ ದಾಟಿದ ಮೇಲೆ ಅಲ್ಲಿ ಮಾಡುತ್ತಿದ್ದ ಕೆಲಸ ಒಂದೇ, ಲಗ್ನಪತ್ರಿಕೆ. ನಮ್ಮ ಕಡೆಯ ಲಗ್ನಪತ್ರಿಕೆ ಎಂದರೆ ಗಂಡು ಹೆಣ್ಣಿನ ಹೆಸರಿಗೆ ನಾಲ್ಕು ಸಾಲು, ಬರಮಾಡಿಕೊಳ್ಳುವವರ ಹೆಸರಿಗೆ ಎರಡು ಪುಟ. ಒಬ್ಬ ಕಾಕಾನ ಹೆಸರು ಬಿಟ್ಟರೂ ಮಂಟಪದಲ್ಲಿ ಜಗಳ.

ಆ ಹೆಸರುಗಳನ್ನೆಲ್ಲ ಕೂಡಿಸುತ್ತಿದ್ದವಳು ಕೌಜಲಗಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು. ಮದುವೆಯಾಗಿ ವರ್ಷವಾಗಿತ್ತಷ್ಟೆ, ಎರಡೂ ಕೈಗೆ ಡಜನ್ ಡಜನ್ ಹಸಿರು ಗಾಜಿನ ಬಳೆ. ಮುಂಜಾನೆಯೆಲ್ಲ ಕನ್ನಡದಲ್ಲಿ ಟೈಪ್ ಮಾಡಿ, ಗಿರಾಕಿಗಳು ಬಂದು ತಿದ್ದಿದ ಮೇಲೆ ಮಧ್ಯಾಹ್ನ ತೆಳ್ಳನೆಯ ಟ್ರೇಸಿಂಗ್ ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆಯುತ್ತಿದ್ದಳು. ಆ ಟ್ರೇಸಿಂಗಿನಿಂದ ಪ್ಲೇಟು, ಪ್ಲೇಟಿನಿಂದ ಆಫ್‌ಸೆಟ್ಟು. ಕನ್ನಡ ಕೀಲಿಮಣೆ ನೋಡದೆ ಅಷ್ಟು ವೇಗದಲ್ಲಿ ಹೊಡೆಯುವವರನ್ನು ನಾನು ಆವರೆಗೆ ನೋಡಿರಲಿಲ್ಲ.

ದೋಷ ಇಷ್ಟು: ಅವಳು ಪ್ರಿಂಟ್ ಕೊಟ್ಟ ಕೂಡಲೇ ಕಂಪ್ಯೂಟರು ಠಪ್ಪೆಂದು ಆರಿ, ತಾನಾಗಿಯೇ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಟೈಪ್ ಮಾಡಿದ್ದು ಅರ್ಧ ಹೋಗಿರುತ್ತಿತ್ತು. ಬ್ಯಾಟರಿಯ ಯುಪಿಎಸ್ಸು ಟಕ್ ಟಕ್ ಎಂದು ಸದ್ದು ಮಾಡಿ ಸುಮ್ಮನಾಗುತ್ತಿತ್ತು.

ಮೊದಲ ಸಲ ಹೋದಾಗ ನಾನು ಮುಂಜಾನೆ ಒಂಬತ್ತೂವರೆಗೆ ಪ್ರೆಸ್ಸಿನಲ್ಲಿದ್ದೆ. ಪ್ರಿಂಟ್ ಕೊಟ್ಟೆ, ಬಂತು. ಇನ್ನೊಂದು ಕೊಟ್ಟೆ, ಅದೂ ಬಂತು. ಸುಮ್ಮನೆ ವಾಪಸ್ ಬಂದರೆ ಮರ್ಯಾದೆ ಇರುವುದಿಲ್ಲವಲ್ಲ, ವೈರಸ್ ಇರಬಹುದೆಂದು ಹೇಳಿ ಫಾರ್ಮ್ಯಾಟ್ ಮಾಡಿ ಒಂದು ಗಂಟೆಯ ಬಸ್ಸಿಗೆ ಬಂದುಬಿಟ್ಟೆ. ಅದೇ ದಿನ ಮೂರು ಗಂಟೆಗೆ ಮಾಲಕರ ಫೋನು. ಎರಡನೆಯ ಸಲ ಕಂಪ್ಯೂಟರಿನ ಡಬ್ಬಿಯನ್ನೇ ಅಂಗಡಿಗೆ ತಂದು ನಾಲ್ಕು ದಿನ ಓಡಿಸಿದೆ. ಒಮ್ಮೆಯೂ ಆರಲಿಲ್ಲ. ಮತ್ತೆ ಫಾರ್ಮ್ಯಾಟ್. ಮೂರನೆಯ ಸಲ ಪವರ್ ಸಪ್ಲೈ ಬದಲಾಯಿಸಿ, ಯುಪಿಎಸ್ಸಿಗೆ ಹೊಸ ಬ್ಯಾಟರಿ ಹಾಕಿ, ಕೈ ರೂಢಿಯಂತೆ ಫಾರ್ಮ್ಯಾಟ್ ಕೂಡ ಮಾಡಿದೆ. ಮತ್ತೆ ಮಧ್ಯಾಹ್ನ ಫೋನು.

ನಾನು ಪ್ರತಿಸಲ ಮುಂಜಾನೆಯೇ ಹೋಗುತ್ತಿದ್ದುದಕ್ಕೆ ಕಾರಣವಿತ್ತು. ನಮ್ಮದು ಹುಕ್ಕೇರಿ ಕಡೆಯ ಜೈನರ ಮನೆ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು, ಆಮೇಲೆ ನೀರೂ ಇಲ್ಲ. ಮೂಡಲಗಿಯಿಂದ ಒಂದು ಗಂಟೆಯ ಬಸ್ಸು ತಪ್ಪಿದರೆ ನನಗೆ ಅನುಕೂಲದ ಬಸ್ಸು ಐದೂವರೆಗೆ. ಅದು ಎಲ್ಲ ಊರಿಗೂ ನಿಂತು ಗೋಕಾಕ ಮುಟ್ಟುವಾಗ ಹೊತ್ತು ಮುಳುಗಿರುತ್ತಿತ್ತು. ಹೀಗಾಗಿ ಪರ ಊರಿನ ಕೆಲಸವೆಲ್ಲ ಮುಂಜಾನೆಯೇ. ಇದನ್ನು ನಾನು ಶಿಸ್ತು ಎಂದು ತಿಳಿದುಕೊಂಡಿದ್ದೆ.

ನನ್ನ ಮೂರು ಫಾರ್ಮ್ಯಾಟ್ ಆದ ಮೇಲೆ ಮಾಲಕರು ಬೆಳಗಾವಿಯ ಏಜೆನ್ಸಿಯೊಂದರಿಂದ ಇಂಜಿನಿಯರನ್ನು ಕರೆಸಿದರು. ನಾನೂ ಇರಲಿ ಎಂದು ಹೇಳಿ ಕಳಿಸಿದ್ದರು, ಬಹುಶಃ ಕಲಿತುಕೊಳ್ಳಲಿ ಎಂದು. ಇಂಜಿನಿಯರು ಟೈ ಕಟ್ಟಿಕೊಂಡು ಹತ್ತು ಗಂಟೆಗೆ ಬಂದ. ಪ್ರಿಂಟ್ ಕೊಟ್ಟ, ಬಂತು. ರ‍್ಯಾಮ್ ಬದಲಾಯಿಸಿದ. ಮತ್ತೆ ಕೊಟ್ಟ, ಮತ್ತೆ ಬಂತು. ಆಮೇಲೆ ಅವಳ ಕೈ ನೋಡಿದ.

"ಸರ್, ಮಶಿನ್ ಕ್ಲೀನ್ ಐತ್ರಿ. ಇದು ಸ್ಟ್ಯಾಟಿಕ್ ಇರಬೇಕು. ಮೈಯಾಗಿನ ಕರೆಂಟ್ ಕೀಬೋರ್ಡಿಗೆ ಇಳೀತೈತಿ. ಆಪರೇಟರ್ ಹ್ಯಾಂಡ್ಲಿಂಗ್ ಪ್ರಾಬ್ಲಂ."

"ಮೈಯಾಗ ಎಲ್ಲಿಂದ ಬರ್ತೈತ್ರಿ ಕರೆಂಟು?" ಮಾಲಕರು ಕೇಳಿದರು.

"ಸೀರಿ, ಬಳಿ... ಯಾವುದರಿಂದನೂ ಬರಬಹುದ್ರಿ."

ಅವನು ಇಷ್ಟು ಹೇಳಿ ತನ್ನ ಸರ್ವಿಸ್ ರಿಪೋರ್ಟಿನಲ್ಲಿ 'ಆಪರೇಟರ್ ದೋಷ' ಎಂದು ಬರೆದು, ಮಾಲಕರ ಸಹಿ ತೆಗೆದುಕೊಂಡು, ಹೊಸ ಕಂಪ್ಯೂಟರಿನ ಬಣ್ಣದ ಚೀಟಿಯೊಂದನ್ನು ಕೊಟ್ಟು ಹೋದ. ಹೊಸ ಮಶಿನ್ನು, ಹೊಸ ವಿಂಡೋಸ್, ಬೇಕಿದ್ದರೆ ತರಬೇತಾದ ಆಪರೇಟರನ್ನೂ ತಾವೇ ಕೊಡುತ್ತೇವೆಂದು ಅದರಲ್ಲಿತ್ತು. ರಿಪೋರ್ಟು ಗಾಜಿನ ಕೋಣೆಯ ಹೊರಗಿನ ಮೊಳೆಗೆ ಏರಿತು. ಪ್ರೆಸ್ಸಿಗೆ ಬಂದವರೆಲ್ಲ ಓದುವ ಜಾಗ ಅದು. ಹುಕ್ಕೇರಿಯ, ಗೋಕಾಕದ ಪ್ರೆಸ್ಸಿನವರು ಕಾಗದ, ಶಾಯಿ ಕಡ ಕೇಳಲು ಬರುತ್ತಿದ್ದರು, ಅವರೂ ಓದಿದರು.

ಮಾಲಕರು ಕೆಟ್ಟವರಲ್ಲ. ಆದರೆ ಇಂಜಿನಿಯರ ಬಾಯಿಂದ ಬಂದ ಸ್ಟ್ಯಾಟಿಕ್ ಎಂಬ ಶಬ್ದ ಅವರ ತಲೆಯಲ್ಲಿ ಬಳೆಯಾಗಿ ಕೂತಿತು. ಗಾಜು ಕರೆಂಟು ಹಿಡಿಯುವುದಿಲ್ಲ ಎಂದು ನಾನು ಹೇಳಿ ನೋಡಿದೆ. ಮೂರು ಸಲ ಸೋತವನ ಮಾತು ಯಾರು ಕೇಳುತ್ತಾರೆ?

"ತಂಗಿ, ಕೆಲಸದ ಹೊತ್ತಿನ್ಯಾಗ ಬಳಿ ತಗದಿಟ್ಟು ಕೂಡು. ಹೋಗುವಾಗ ಹಾಕ್ಕೊಂಡು ಹೋಗು, ಯಾರು ಬ್ಯಾಡ ಅಂತಾರ?" ಎಂದರು ಮಾಲಕರು ಅವಳಿಗೆ.

"ಬಳಿ ತಗ್ಯಾಕ ನನ್ನ ಗಂಡ ಜೀವಂತ ಅದಾನ್ರಿ," ಎಂದಳು ಅವಳು, ಕೀಲಿಮಣೆಯಿಂದ ಕೈ ಎತ್ತದೆ.

ಮಾಲಕರ ಮುಖ ಕೆಂಪಾಯಿತು. "ಹಂಗಾರ ಸೋಮವಾರತನಾ ನೋಡ್ತೇನಿ. ಆಮ್ಯಾಲ ಹೊಸಾ ಮಶಿನ್ನೂ ಬರ್ತೈತಿ, ಹೊಸಾ ಆಪರೇಟರೂ ಬರ್ತಾರ."

ಅವತ್ತು ಗುರುವಾರ. ಅವಳಿಗೆ ಹೋಗುತ್ತಿದ್ದುದು ಬರೀ ಒಂದು ಕೆಲಸವಲ್ಲ. ಮೂರು ಊರಿನ ಪ್ರೆಸ್ಸುಗಳು ಒಂದೇ ಮನೆಯ ಅಣ್ಣತಮ್ಮಂದಿರಿದ್ದ ಹಾಗೆ, ಒಂದರ ಸುದ್ದಿ ಸಂಜೆಯೊಳಗೆ ಇನ್ನೊಂದಕ್ಕೆ. ಮಶಿನ್ ಕೆಡಿಸುವ ಕೈ ಎಂದು ಹೆಸರು ಬಿದ್ದವಳನ್ನು ಯಾರೂ ಕಂಪ್ಯೂಟರಿನ ಮುಂದೆ ಕೂಡಿಸುತ್ತಿರಲಿಲ್ಲ. ಸೊಸೆಯನ್ನು ಕೆಲಸಕ್ಕೆ ಕಳಿಸಲು ಮನಸ್ಸಿಲ್ಲದ ಮನೆಯಿಂದ ಜಗಳವಾಡಿ ಬಂದವಳು ಅವಳು.

ನಾನು ಚೀಲ ಎತ್ತಿಕೊಂಡು ಹೊರಟಾಗ ಅವಳು ಹಿಂದೆಯೇ ಬಾಗಿಲತನಕ ಬಂದಳು. ಕೈಯಲ್ಲಿ ತಪ್ಪು ಅಚ್ಚಾದ ಒಂದು ಲಗ್ನಪತ್ರಿಕೆ. ಅದರ ಹಿಂಬದಿಯ ತುಂಬ ಸಣ್ಣ ಅಕ್ಷರ.

"ಅಣ್ಣಾರ, ಇದು ಯಾವ್ಯಾವಾಗ ಹೋಗೇತಿ ಅಂತ ನಾ ಬರದಿಟ್ಟೇನಿ. ನೋಡ್ರಿ. ಎಲ್ಲಾ ಮಧ್ಯಾಹ್ನ ಒಂದೂವರಿ, ಎರಡರ ಮ್ಯಾಲನ. ನೀವು ಬರೂದು ಮುಂಜಾನಿ, ಆ ಬೆಳಗಾವಿಯವರು ಬರೂದೂ ಮುಂಜಾನಿ. ಜ್ವರಾ ಬಿಟ್ಟಾಗ ಬಂದು ನಾಡಿ ಹಿಡದ್ರ ಏನ ತಿಳೀತೈತ್ರಿ?"

ಓದಿದೆ. ತಾರೀಖು, ಗಂಟೆ, ಆಗ ಏನು ಮಾಡುತ್ತಿದ್ದಳೆಂಬುದು, ಎಲ್ಲ ಇತ್ತು. ಟೈಪ್ ಮಾಡುವಾಗ ಒಮ್ಮೆಯೂ ಆರಿರಲಿಲ್ಲ, ಆರಿದ್ದೆಲ್ಲ ಪ್ರಿಂಟ್ ಕೊಟ್ಟಾಗ. ನಡುವೆ ಒಂದು ದಿನದ ಮುಂದೆ ಮಾತ್ರ 'ಸಂಜೆತನಕ ಬಂತು' ಎಂದಿತ್ತು.

"ಈ ದಿನ ಏನ ವಿಶೇಷ?"

"ಏನಿಲ್ರಿ. ಹಿಂದಿನ ರಾತ್ರಿ ಅಡ್ಡಮಳಿ ಆಗಿತ್ತು. ತಂಪಿತ್ತು."

ಅವಳು ಬರೆದಿಟ್ಟದ್ದು ನಮ್ಮಿಬ್ಬರು ರಿಪೇರಿಯವರ ನಾಲ್ಕು ಭೇಟಿಗಿಂತ ಹೆಚ್ಚು ಕೆಲಸದ್ದಾಗಿತ್ತು. ನನಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು. ಸಿಟ್ಟು ನನ್ನ ಮೇಲೆಯೇ. ಶನಿವಾರ ಇಡೀ ದಿನ ಇಲ್ಲೇ ಕೂಡುತ್ತೇನೆ ಎಂದು ಹೇಳಿದೆ. ಮನೆಯಲ್ಲಿ ಅವ್ವನಿಗೆ ಶನಿವಾರ ಸಂಜೆಯ ಅಡುಗೆ ಬೇಡವೆಂದು ಹೇಳಿದಾಗ ಅವಳು ಹಬ್ಬವೂ ಅಲ್ಲದ ಉಪವಾಸ ಯಾತಕ್ಕೆಂದು ಕೇಳಿದಳು. ಲಗ್ನಪತ್ರಿಕೆಗಾಗಿ ಎಂದೆ. ನನ್ನದೇ ಲಗ್ನವಿರಬಹುದೆಂದು ಪಾಪ ಅವಳ ಮುಖ ಅರಳಿತು.

ಶನಿವಾರ ಹತ್ತು ಗಂಟೆಗೆ ಪ್ರೆಸ್ಸಿನಲ್ಲಿ ಕೂತೆ. ಈ ಸಲ ಸಿಡಿಗಳ ಡಬ್ಬಿ ತಂದಿರಲಿಲ್ಲ. ರೇಡಿಯೋ ಕಾಲದ ಹಳೆಯ ಮುಳ್ಳಿನ ಮೀಟರ್ ತಂದಿದ್ದೆ. ರೇಡಿಯೋ ರಿಪೇರಿಯವನಾಗಿದ್ದಾಗ ಮೊದಲು ಮೀಟರ್ ಹಿಡಿದು ಕರೆಂಟ್ ನೋಡುತ್ತಿದ್ದವನು, ಕಂಪ್ಯೂಟರಿನವನಾದ ಮೇಲೆ ಮೊದಲು ಸಿಡಿ ಹಾಕಲು ಕಲಿತಿದ್ದೆ.

ಗೋಡೆಯ ಸಾಕೆಟ್ಟಿಗೆ ಮೀಟರ್ ಸಿಕ್ಕಿಸಿ ಸ್ಟೂಲಿನ ಮೇಲೆ ಕೂತೆ. ಹತ್ತು ಗಂಟೆಗೆ ಮುಳ್ಳು ಇನ್ನೂರಾ ಇಪ್ಪತ್ತರ ಹತ್ತಿರ. ಪ್ರಿಂಟ್ ಕೊಡಿಸಿದೆ. ಲೇಸರ್ ಪ್ರಿಂಟರು ಒಳಗಿನ ರೋಲರನ್ನು ಕಾಯಿಸಲು ಒಮ್ಮೆಲೇ ಬಹಳ ಕರೆಂಟ್ ಎಳೆಯುತ್ತದೆ. ಮುಳ್ಳು ನೂರಾ ತೊಂಬತ್ತಕ್ಕೆ ಇಳಿದು ಮತ್ತೆ ಮೇಲೆ ಬಂತು. ಹನ್ನೆರಡಕ್ಕೆ ಅದೇ ಪ್ರಿಂಟಿಗೆ ನೂರಾ ಎಪ್ಪತ್ತಕ್ಕೆ ಇಳಿಯಿತು. ಹೊರಗೆ ಬಿಸಿಲು ಏರಿದಂತೆ ಒಳಗೆ ಮುಳ್ಳು ಇಳಿಯುತ್ತಿತ್ತು. ಒಂದು ಗಂಟೆಯ ಬಸ್ಸಿನ ಹಾರ್ನು ರಸ್ತೆಯಿಂದ ಕೇಳಿಸಿತು. ಎದ್ದು ಹೋಗಲಿಲ್ಲ. ಅವಳು ತನ್ನ ಬುತ್ತಿಯಿಂದ ಅರ್ಧ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು, ಉಳ್ಳಾಗಡ್ಡಿಯನ್ನು ಮಾತ್ರ ತಾನೇ ಇಟ್ಟುಕೊಂಡಳು.

ಎರಡೂಕಾಲಿಗೆ ಅವಳು ಪ್ರಿಂಟ್ ಕೊಟ್ಟಳು. ಮುಳ್ಳು ನೂರಾ ಇಪ್ಪತ್ತಕ್ಕೆ ಬಿತ್ತು, ಯುಪಿಎಸ್ ಟಕ್ಕೆಂದು ಬ್ಯಾಟರಿಗೆ ತಿರುಗಿ, ಪ್ರಿಂಟರಿನ ಭಾರ ಹೊರಲಾರದೆ ಕೈಬಿಟ್ಟಿತು, ಪರದೆ ಕಪ್ಪಾಯಿತು. ಅವಳು ಕಣ್ಣು ಮುಚ್ಚಿಕೊಂಡಳು. ನನಗೆ ಮಾತ್ರ ಕೈ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು.

"ಲೈನ್ ಡಲ್ ಇರಬೇಕು, ಬ್ಯಾಸಗಿ ಅಲ್ಲೇನ್ರಿ," ಎಂದರು ಮಾಲಕರು. "ಆದ್ರ ನಂದ ಆಫ್‌ಸೆಟ್ ನೋಡ್ರಿ, ದಣೀಲಾರದಂಗ ಓಡಾಕತ್ತೈತಿ. ಲೈನ್ ಖರಾಬ್ ಇದ್ರ ಅಂಥಾ ದೊಡ್ಡ ಮಶಿನ್ ನಿಲ್ಲಬೇಕಿಲ್ಲ? ಈ ಸಣ್ಣದಕ್ಕ ಏನ ಧಾಡಿ?"

ಒಳ್ಳೆಯ ಪ್ರಶ್ನೆ. ಇದೇ ಪ್ರಶ್ನೆ ನಮ್ಮನ್ನೆಲ್ಲ ಇಷ್ಟು ದಿನ ದಾರಿ ತಪ್ಪಿಸಿತ್ತು. ಮೇನ್ ಬೋರ್ಡಿಗೆ ಹೋಗಿ ಒಂದು ಫೇಸಿಗೂ ಇನ್ನೊಂದು ಫೇಸಿಗೂ ಮೀಟರ್ ಇಟ್ಟೆ. ನಾನೂರರ ಆಸುಪಾಸಿನಲ್ಲಿ ಅಲುಗಾಡದೆ ನಿಂತಿತ್ತು. ಅಂದರೆ ಬರುವ ಕರೆಂಟಿಗೆ ಏನೂ ಆಗಿಲ್ಲ. ಆಫ್‌ಸೆಟ್ಟಿನ ಮೋಟರಿಗೆ ಮೂರು ಫೇಸು ಸಿಕ್ಕರೆ ಸಾಕು. ಆದರೆ ಕಂಪ್ಯೂಟರು, ಫ್ಯಾನು, ಟ್ಯೂಬ್‌ಲೈಟು ಓಡಬೇಕಾದರೆ ಒಂದು ಫೇಸಿನಲ್ಲಿ ಬಂದ ಕರೆಂಟು ಹಿಂತಿರುಗಿ ಹೋಗಲು ನ್ಯೂಟ್ರಲ್ ಎಂಬ ಇನ್ನೊಂದು ತಂತಿ ಬೇಕು. ಹಿಂತಿರುಗುವ ಆ ದಾರಿಯೇ ಮಧ್ಯಾಹ್ನ ಕೆಡುತ್ತಿತ್ತು.

ಹೊರಗೆ ಬಂದು ಕಂಬ ನೋಡಿದೆ. ಮೇಲೆ ಮೂರೇ ತಂತಿ. ಎಣಿಸಿದೆ, ಮತ್ತೊಮ್ಮೆ ಎಣಿಸಿದೆ. ಪಂಪ್‌ಸೆಟ್ಟಿಗೆಂದು ಎಳೆದ ಲೈನು, ನ್ಯೂಟ್ರಲ್ ಅಲ್ಲಿಗೆ ಬಂದೇ ಇರಲಿಲ್ಲ. ಹಾಗಾದರೆ ಬೋರ್ಡಿನಲ್ಲಿದ್ದ ಕರೀ ವೈರು ಎಲ್ಲಿಗೆ ಹೋಗುತ್ತಿತ್ತು? ಬೆರಳಿಟ್ಟುಕೊಂಡು ಹಿಂಬಾಲಿಸಿದೆ. ಗೋಡೆಯ ತೂತಿನಿಂದ ಹೊರಗೆ, ಶೆಡ್ಡಿನ ಹಿಂಬದಿಗೆ, ಅಲ್ಲಿ ನೆಲಕ್ಕೆ ಬಡಿದ ಒಂದು ಕಬ್ಬಿಣದ ಪೈಪಿಗೆ. ಪೈಪಿನ ತಲೆಗೆ ಅರಿಷಿಣ, ಕುಂಕುಮ. ಸುತ್ತ ಒಂದು ಗುಂಡಿ, ಗುಂಡಿಯ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು.

ಆಫ್‌ಸೆಟ್ ನಡೆಸುವ ಮುದುಕರನ್ನು ಎಲ್ಲರೂ ಮಶಿನ್ ಕಾಕಾ ಎನ್ನುತ್ತಿದ್ದರು. ಅವರು ಶಾಯಿಯ ಕೈ ಒರೆಸಿಕೊಳ್ಳುತ್ತ ಬಂದು ನಿಂತರು.

"ಕಾಕಾ, ಇದೇನ್ರಿ?"

"ಅದಾ? ಅದಕ್ಕ ದಿನಾ ನೀರ ಹಾಕ್ತೇನ್ರಿ. ಮುಂಜಾನಿ ಬಂದ ಕೂಡ್ಲೆ ಒಂದ್ ಕೊಡಾ. ಶೆಡ್ ಕಟ್ಟಿದಾಗ ವೈರಿಂಗ್ ಮಾಡಿದಾಂವ ತಪ್ಪಿಸಬ್ಯಾಡ ಅಂತ ಹೇಳಿ ಹೋಗ್ಯಾನ."

"ಯಾಕ ಅಂತ ಹೇಳ್ಯಾನೇನ್ರಿ?"

"ಅದನ್ನ ಹೇಳಿಲ್ಲ. ನಾ ಕೇಳಿಲ್ಲ."

"ಮತ್ತ ಕುಂಕುಮ?"

ಕಾಕಾ ಸ್ವಲ್ಪ ನಾಚಿದರು. "ಬರಿಗಾಲಲೆ ನೀರ ಹಾಕಾಕ ಹೋದ್ರ ಒಮ್ಮೊಮ್ಮೆ ಕಾಲು ಜುಮ್ ಅಂತಾವ್ರಿ. ನಮ್ಮ ನಾಯಿನೂ ಈ ಕಡೆ ಸುಳ್ಯಂಗಿಲ್ಲ. ಜಾಗಾದಾಗ ಏನರ ಶಕ್ತಿ ಐತಿ ಅಂತ ಖಂಡೇಪೂಜಿ ದಿನ ಹಚ್ಚಿದೆ."

ಶಕ್ತಿ ಇತ್ತು, ಸುಳ್ಳಲ್ಲ. ಕಂಪ್ಯೂಟರಿನ ಕರೆಂಟೆಲ್ಲ ಆ ಪೈಪಿನಿಂದ ಭೂಮಿಗೆ ಇಳಿಯುತ್ತಿತ್ತು. ಮಣ್ಣು ಹಸಿ ಇದ್ದಾಗ ಸಲೀಸಾಗಿ ಇಳಿಯುತ್ತಿತ್ತು, ಒಣಗಿದರೆ ತಡೆಯುತ್ತಿತ್ತು. ಮುಂಜಾನೆಯ ಒಂದು ಕೊಡ ನೀರು ಬೇಸಿಗೆಯ ಬಿಸಿಲಿಗೆ ಮಧ್ಯಾಹ್ನದತನಕ ಬಾಳುತ್ತಿತ್ತು. ಅಡ್ಡಮಳೆಯ ಮರುದಿನ ಸಂಜೆತನಕ ಬಾಳಿತ್ತು. ಹೊಲದ ಮನೆಗಳಲ್ಲಿ ಒಂದು ಬಲ್ಬು ಉರಿಸಲು ನಮ್ಮ ಕಡೆ ಎಲ್ಲರೂ ಮಾಡುವ ಉಪಾಯ ಅದು. ಬಲ್ಬಿಗೆ ನಡೆಯುತ್ತದೆ. ಲೇಸರ್ ಪ್ರಿಂಟರಿಗೆ ನಡೆಯುವುದಿಲ್ಲ. ನಾನು ಹಾಕಿದ ವಿಂಡೋಸ್ ಮೂರು ಸಲವೂ ಸರಿಯಾಗಿತ್ತು, ಏಜೆನ್ಸಿಯವನು ತೆಗೆದ ರ‍್ಯಾಮೂ ಸರಿಯಾಗಿತ್ತು, ಅವಳ ಕೈಯಂತೂ ಮೊದಲಿನಿಂದಲೂ ಸರಿಯಾಗಿತ್ತು.

ಮಾಲಕರನ್ನು ಕರೆದು ಕಂಪ್ಯೂಟರಿನ ಮುಂದೆ ಕೂಡಿಸಿದೆ. ಅವಳು ಎದ್ದು ಗೋಡೆಗೆ ನಿಂತಳು.

"ನೀವ ಪ್ರಿಂಟ್ ಕೊಡ್ರಿ ಮಾಲಕ್ರ."

ಕೊಟ್ಟರು. ಠಪ್. ಪರದೆ ಆರಿತು.

"ನಿಮ್ಮ ಕೈಯಾಗ ಬಳಿ ಅದಾವೇನ್ರಿ?"

ಅವರು ತಮ್ಮ ಕೈ ತಿರುಗಿಸಿ ನೋಡಿಕೊಂಡರು. ಪ್ರಿಂಟರಿನ ಸ್ವಿಚ್ ತೆಗೆದು, ಕಾಕಾನಿಗೆ ಚಪ್ಪಲಿ ಹಾಕಿಕೊಂಡು ಹೋಗಿ ಗುಂಡಿಗೆ ಎರಡು ಕೊಡ ನೀರು ಸುರಿಯಲು ಹೇಳಿದೆ. ಚಹಾ ತರಿಸಿದರು, ಕುಡಿದೆವು, ಮಣ್ಣು ನೀರು ಕುಡಿಯುವತನಕ ಕಾದೆವು. ಆಮೇಲೆ ಅವಳನ್ನು ಕೂಡಿಸಿದೆ. ಅವಳು ಬೇಕೆಂದೇ ಎರಡೂ ಕೈ ಮೇಲೆತ್ತಿ ಬಳೆಗಳನ್ನು ಝಣ್ಣೆನಿಸಿ, ಪ್ರಿಂಟ್ ಕೊಟ್ಟಳು. ಟ್ರೇಸಿಂಗ್ ಕಾಗದ ಬೆಚ್ಚಗೆ ಹೊರಗೆ ಬಂತು. ಇನ್ನೊಂದು ಬಂತು. ಐದು ಬಂದವು.

ಇಲ್ಲಿಗೆ ಮುಗಿಯಬೇಕಿತ್ತು. ಮಾಲಕರ ಮುಖದ ಮೇಲೆ ನಗೆ ಮೂಡಿತು, ಆದರೆ ಅದು ನಾನು ಕಾಯುತ್ತಿದ್ದ ನಗೆಯಲ್ಲ.

"ಇಷ್ಟ ಏನ್ರಿ! ಹಂಗಾರ ದಿನಾ ಮುಂಜಾನಿ ಒಂದು, ಮಧ್ಯಾಹ್ನ ಎರಡು ಕೊಡಾ ಹಾಕಿದ್ರಾತು. ಕಾಕಾ, ನಾಳಿಂದ ಮೂರು ಕೊಡಾ."

"ಹಂಗ ಆಗಂಗಿಲ್ರಿ," ಎಂದೆ. "ಆ ಪೈಪ್ ಮುಟ್ಟಿದವರು ಉಳ್ಯಂಗಿಲ್ಲ. ಕಾಕಾ ಇಷ್ಟು ದಿನ ಉಳದದ್ದ ದೊಡ್ಡದು. ಇನ್ನ ಪ್ರಿಂಟರ್ ಕಾಯೂ ಹೊತ್ತಿನ್ಯಾಗ ಮಧ್ಯಾಹ್ನನೂ ಅವರನ್ನ ನೀರಿನ ಕೊಡಾ ಕೊಟ್ಟು ಕಳಸ್ತೀರೇನು? ಕರೆಂಟ್ ಆಫೀಸಿಗೆ ಅರ್ಜಿ ಕೊಟ್ಟು ನ್ಯೂಟ್ರಲ್ ಎಳಸ್ರಿ. ಟ್ರಾನ್ಸ್‌ಫಾರ್ಮರ್ ಇಲ್ಲಿಂದ ನಾಕ ಕಂಬ."

"ಆಫೀಸಿನವರನ್ನ ಕರದ್ರ ಹೊಲದ ಲೈನಿನ ಮ್ಯಾಲ ಪ್ರೆಸ್ ಯಾಕ ಅಂತ ಕೇಳ್ತಾರ್ರಿ. ಸೀಸನ್ ಮುಗೀಲಿ, ಮಳಿಗಾಲ ಬಂದ್ರ ತಾನ ಸರಿ ಹೋಗ್ತೈತಿ."

ಆ ಕ್ಷಣದ ಬಗ್ಗೆ ಬಹಳ ಸಲ ವಿಚಾರ ಮಾಡಿದ್ದೇನೆ. ದೋಷ ಹುಡುಕಿಕೊಟ್ಟಾಗಿತ್ತು, ಐದೂವರೆಯ ಬಸ್ಸು ಬರುವುದಿತ್ತು. ಗಿರಾಕಿಯ ಮನೆಯ ವೈರಿಂಗು ನನ್ನ ಕೆಲಸವೂ ಅಲ್ಲ. ಆದರೆ ಹೊಸ ಕಂಪ್ಯೂಟರು ಮಾರಲು ಬಂದವನು, ಮೂರು ಸಲ ಒರೆಸಿದ ನಾನು, ಮೂರು ಕೊಡ ನೀರೇ ಸಾಕೆಂದ ಮಾಲಕರು, ಎಲ್ಲರೂ ಮಾಡಿದ್ದು ಒಂದೇ: ನಿಜವಾದ ಕೆಲಸವನ್ನು ನಾಳೆಗೆ ತಳ್ಳುವುದು. ಅದರ ಬೆಲೆ ತೆರುವವರು ಮಾತ್ರ ಯಾವಾಗಲೂ ಬೇರೆ, ಒಮ್ಮೆ ಅವಳು, ಒಮ್ಮೆ ಬರಿಗಾಲಿನ ಕಾಕಾ. ನನಗೆ ತಡೆಯಲಾಗಲಿಲ್ಲ. ಮೇನ್ ಸ್ವಿಚ್ ಕೆಳಗೆ ಎಳೆದೆ, ಪಕ್ಕಡ ತೆಗೆದುಕೊಂಡೆ, ಬೋರ್ಡಿನಿಂದ ಪೈಪಿಗೆ ಹೋಗುತ್ತಿದ್ದ ಕರೀ ವೈರನ್ನು ಎರಡು ಕಡೆ ಕತ್ತರಿಸಿ, ತುಂಡನ್ನು ಚೀಲಕ್ಕೆ ಹಾಕಿಕೊಂಡೆ.

ಮಾಲಕರು ಕುರ್ಚಿಯಿಂದ ಎದ್ದೇಬಿಟ್ಟರು. "ಏನ ಮಾಡಿದ್ರಿ! ಹದಿನಾಲ್ಕು ಮನಿ ಲಗ್ನದ ಕಾರ್ಡ್ ಬಾಕಿ ಅದಾವು! ಏಜೆನ್ಸಿಯವರನ್ನ ಕರಸ್ತೇನಿ, ಹೊಸಾ ಮಶಿನ್ ತರ್ತೇನಿ!"

"ತರ್ರಿ. ಎಂಥಾ ಹೊಸಾದು ತಂದ್ರೂ ಕರೆಂಟ್ ಇದ ಗುಂಡ್ಯಾಗ ಇಳೀಬೇಕು. ಮ್ಯಾಲ ಹೊಸಾ ವಿಂಡೋಸಿನ್ಯಾಗ ನಿಮ್ಮ ಕನ್ನಡ ಸಾಫ್ಟ್‌ವೇರ್ ಓಡತೈತೋ ಇಲ್ಲೋ ಅದನ್ನೂ ಕೇಳಿ ತರ್ರಿ. ಅದರ ಕೀಲಿ ಹಳೀ ಪ್ರಿಂಟರ್ ಪೋರ್ಟಿಗೆ ಸಿಗಿಸೂದು."

ಕೀಲಿಯೆಂದರೆ ಬೆರಳುದ್ದದ ಒಂದು ಡಬ್ಬಿ, ಅದು ಹಿಂದೆ ಸಿಕ್ಕಿಸಿರದಿದ್ದರೆ ಕನ್ನಡ ಅಕ್ಷರವೇ ಮೂಡುತ್ತಿರಲಿಲ್ಲ. ಹೊಸದನ್ನು ಮಾರುವವರು ಇಂಥ ವಿಷಯವನ್ನು ಮಾರಿದ ಮೇಲೆ ಹೇಳುತ್ತಾರೆ.

ಅವಳೇ ನಡುವೆ ಬಂದು ಹೇಳಿದಳು, "ಕಂಪ್ಯೂಟರ್ ಅಣ್ಣಾರ ಅಂಗಡಿಗೆ ಒಯ್ಯೂಣ್ರಿ ಮಾಲಕ್ರ. ನಾ ಗೋಕಾಕಕ್ಕ ಹೋಗಿ ಕೂಡ್ತೇನಿ. ಹದಿನಾಲ್ಕೂ ಮುಗಸ್ತೇನಿ. ಅಷ್ಟರಾಗ ನೀವು ತಂತಿ ಎಳಸ್ರಿ."

ಬೇರೆ ದಾರಿ ಇರಲಿಲ್ಲ. ಸೋಮವಾರ ಟೆಂಪೋದಲ್ಲಿ ಕಂಪ್ಯೂಟರು, ಪ್ರಿಂಟರು ಗೋಕಾಕಕ್ಕೆ ಬಂದವು. ಹನ್ನೊಂದು ದಿನ ಅವಳು ನನ್ನ ಅಂಗಡಿಯ ಟಿವಿಗಳ ನಡುವೆ ಕೂತು ಕೆಲಸ ಮಾಡಿದಳು. ಹೆಸರು ತಿದ್ದಲು ಬಂದ ಬೀಗರು ಬಾಗಿಲಲ್ಲಿ ಸಾಲುಗಟ್ಟಿದರು. ಪ್ರತಿದಿನ ಟ್ರೇಸಿಂಗುಗಳನ್ನು ಸುರುಳಿ ಸುತ್ತಿ ಮೂಡಲಗಿ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದೆವು. ಆ ಹನ್ನೊಂದು ದಿನ ಕಂಪ್ಯೂಟರು ಒಮ್ಮೆಯೂ ಆರಲಿಲ್ಲ. ಫಾರ್ಮ್ಯಾಟ್ ಮಾಡುವ ಸಿಡಿಯನ್ನು ನಾನು ಕಪಾಟಿನ ಮೇಲಿನ ಖಣಕ್ಕೆ ಎತ್ತಿಟ್ಟೆ. ಅಂದಿನಿಂದ ನನ್ನ ಅಂಗಡಿಯಲ್ಲಿ ನಿಯಮ ಒಂದೇ, ಮೀಟರ್ ಹಿಡಿಯದೆ, ಗಿರಾಕಿಯ ಮಾತು ಪೂರ್ತಿ ಕೇಳದೆ ಏನನ್ನೂ ಒರೆಸುವುದಿಲ್ಲ. ಇದರಿಂದ ಗಿರಾಕಿಗಳು ಹೆಚ್ಚಾದರೆಂದು ಹೇಳಲಾರೆ. ನೀಲಿ ಪಟ್ಟಿ ಓಡದಿದ್ದರೆ ರಿಪೇರಿಯೇ ಆಗಿಲ್ಲವೆನ್ನುವವರು ಬಹಳ, ಅವರು ಬೇರೆ ಅಂಗಡಿಗೆ ಹೋದರು. ಹೋಗಲಿ.

ಮಾಲಕರು ಅರ್ಜಿ ಕೊಟ್ಟರು, ಹೊಲದ ಲೈನಿಗಾಗಿ ಆಫೀಸಿನವರಿಂದ ಮಾತು ಕೇಳಿಸಿಕೊಂಡರು, ಪ್ರೆಸ್ಸಿಗೆ ಬೇರೆ ಕರೆಂಟ್ ಮೀಟರ್ ಹಾಕಿಸಿಕೊಂಡರು. ನಾಲ್ಕು ಕಂಬದ ಮೇಲೆ ನಾಲ್ಕನೆಯ ತಂತಿ ಬಂತು. ನಾನು ಹೋಗಿ ಹೊಸದಾಗಿ ವೈರಿಂಗ್ ನೋಡಿ, ಪೈಪು ಕೀಳಿಸಿ, ಕಂಪ್ಯೂಟರು ಹಚ್ಚಿದೆ. ಮಧ್ಯಾಹ್ನ ಮೂರು ಗಂಟೆಗೆ, ಉರಿಬಿಸಿಲಿನಲ್ಲಿ, ಪ್ರಿಂಟ್ ಕೊಟ್ಟಾಗ ಮುಳ್ಳು ಐದು ವೋಲ್ಟೂ ಇಳಿಯಲಿಲ್ಲ.

ಹೊರಡುವ ಮುಂದೆ ನನ್ನ ಜಾಬ್ ಕಾರ್ಡಿನ ಪುಸ್ತಕ ತೆಗೆದೆ. ಅವಳು ಮೊಳೆಯಿಂದ ಏಜೆನ್ಸಿಯ ರಿಪೋರ್ಟು ಬಿಡಿಸಿ ತಂದು ಮೇಜಿನ ಮೇಲಿಟ್ಟಳು.

"ಅಣ್ಣಾರ, ಕಾರಣ ಏನಂತ ನಿಮ್ಮದರಾಗ ಬರೀರಿ. ಮಾಲಕ್ರು ಸಹಿ ಮಾಡಲಿ. ಇದರ ಜಾಗಾಕ್ಕ ಅದನ್ನ ಹಾಕ್ತೇನಿ."

"ಎಲ್ಲಾ ಸರಿ ಆತಲ್ಲ ತಂಗಿ," ಎಂದರು ಮಾಲಕರು. "ಈಗ ಮತ್ತ ಸಹಿ ಯಾಕ?"

"ಇದಕ್ಕ ಸಹಿ ಮಾಡೂ ಮುಂದ ಯಾಕ ಅಂತ ಕೇಳಿದ್ರೇನ್ರಿ?"

ನಾನು ಬರೆದೆ. ದೋಷ: ನ್ಯೂಟ್ರಲ್ ಇರಲಿಲ್ಲ, ಅರ್ಥ್ ಪೈಪಿನ ಮೇಲೆ ಓಡಿಸಲಾಗಿತ್ತು. ಆಪರೇಟರ್ ದೋಷ: ಇಲ್ಲ. ಮಾಲಕರು ಎರಡು ಸಲ ಓದಿ ಸಹಿ ಮಾಡಿದರು, ಪೆನ್ನಿನ ಮುಚ್ಚಳ ಹಾಕಿದರು.

"ಇನ್ನೊಂದು ಹಿಂಗ ಬರದು ಕೊಡ್ರಿ ಅಣ್ಣಾರ."

"ಇನ್ನೊಂದ್ಯಾಕ?" ಎಂದು ಕೇಳಿದವರು ಮಾಲಕರು.

"ಕೌಜಲಗಿಗೆ ಒಯ್ತೇನ್ರಿ. ನಮ್ಮ ಅತ್ತಿಯವರ ಮುಂದ ಓದ್ತೇನಿ. ಅಲ್ಲಿ ಹಾಲು ಒಡದ್ರೂ ನನ್ನ ಕೈನ, ಹಿಟ್ಟಿಗೆ ಹುಳಾ ಬಿದ್ರೂ ನನ್ನ ಕೈನ."

ನಾನು ಬರೆದೆ. ಅವಳು ಅದನ್ನು ಮಾಲಕರ ಮುಂದೆ ಸರಿಸಿದಳು.

"ಇದಕ್ಕೂ ನನ್ನ ಸಹಿ ಬೇಕೇನು?"

"ಬೇಕ್ರಿ," ಎಂದಳು. "ಗಂಡಸರ ಸಹಿ ಇದ್ರ ಅಷ್ಟ ನಂಬತಾರ."

ಮಾಲಕರು ನನ್ನ ಮುಖ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು.